ಗಾಳಿ ತುಂಬುವ ಹಳೆಯ ಫೋರ್ಕ್: ಬಿಚ್ಚಿ, ಸೀಲ್ ಬದಲಿಸಿ, ಮರಳಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಕಳೆದು ಹಳೆಯ ಬೈಕನ್ನು ಅಂಗಳಕ್ಕೆ ಇಳಿಸಿದಾಗ ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಎಣ್ಣೆಯ ತೆಳುವಾದ ಉಂಗುರವೊಂದು ಕಂಡರೆ, ಬ್ರೇಕ್ ಹಿಡಿದಾಗ ಬೈಕಿನ ಮುಂಭಾಗ ಮೊದಲಿಗಿಂತ ಹೆಚ್ಚು ಕುಸಿದರೆ, ಆಯಿಲ್ ಸೀಲಿನ, ಅಂದರೆ ಎಣ್ಣೆಯನ್ನು ಒಳಗೇ ತಡೆದಿಡುವ ರಬ್ಬರ್ ಉಂಗುರದ, ಆಯುಷ್ಯ ಮುಗಿದಿದೆ ಎಂದು ತಿಳಿಯಬೇಕು. ಸಾಮಾನ್ಯ ಫೋರ್ಕಿನಲ್ಲಿ ಇದು ಎಣ್ಣೆ ಸೋರುವ ತೊಂದರೆ ಮಾತ್ರ. ಗಾಳಿ ತುಂಬುವ ಫೋರ್ಕಿನಲ್ಲಿ ಎಣ್ಣೆಯ ಜೊತೆಗೆ ಸ್ಪ್ರಿಂಗಿನ ಬಲದ ಒಂದು ಪಾಲೂ ಸೋರಿಹೋಗುತ್ತದೆ. ಮಂಗಳೂರಿನಂಥ ಊರಿನಲ್ಲಿ ಈ ಬಗೆಯ ಫೋರ್ಕನ್ನು ಇಟ್ಟುಕೊಂಡವರು ಗಾಳಿಯ ಒತ್ತಡಕ್ಕಿಂತ ಸೀಲಿನ ಮತ್ತು ಪೈಪಿನ ಆರೋಗ್ಯದ ಕಡೆಗೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅನುಭವದ ಮಾತು.

1970ರ ದಶಕದ ಕೊನೆಯಿಂದ 1980ರ ದಶಕದ ಮಧ್ಯದವರೆಗೆ ಜಪಾನಿನ ದೊಡ್ಡ ಬೈಕುಗಳಲ್ಲಿ ಈ ವ್ಯವಸ್ಥೆ ಬಹಳ ಚಾಲ್ತಿಯಲ್ಲಿತ್ತು. 1980ರಲ್ಲಿ ಬಂದ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1100ರಲ್ಲಿ ಮುಂದೆಯೂ ಹಿಂದೆಯೂ ಗಾಳಿಯ ನೆರವಿತ್ತು. ನಾನು ಕೈಯಾಡಿಸಿ ಕಲಿತದ್ದು, ಮಸ್ಕತ್‌ನಲ್ಲಿ ದುಡಿದು ಮರಳಿದ ನಮ್ಮ ಭಾವನವರ, 37 ಮಿ.ಮೀ. ಪೈಪಿನ ಜಪಾನಿ ಬೈಕೊಂದರಲ್ಲಿ. ಮುಂದೆ ವಿವರಿಸುವ ಕ್ರಮ ಆ ಕಾಲದ ಬಹುಪಾಲು ಡ್ಯಾಂಪರ್ ರಾಡ್ (ಎಣ್ಣೆಯ ಹರಿವನ್ನು ತಡೆದು ಕುಲುಕಾಟವನ್ನು ತಗ್ಗಿಸುವ ಒಳಗಿನ ಸರಳು) ಇರುವ ಫೋರ್ಕುಗಳಿಗೆ ಹೊಂದುತ್ತದೆ. ಗಾಳಿಗೆ ಸಂಬಂಧಿಸಿದ ಹಂತಗಳನ್ನು ಬಿಟ್ಟರೆ ನಮ್ಮ ಆರ್‌ಎಕ್ಸ್ 100ರಂಥ ಬೈಕಿನವರಿಗೂ ಇದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬಂದೀತು. ಆದರೆ ಎಣ್ಣೆಯ ಅಳತೆ, ಬೋಲ್ಟುಗಳ ಬಿಗಿ ಮತ್ತು ಗಾಳಿಯ ಒತ್ತಡ ಈ ಮೂರನ್ನು ಆಯಾ ಬೈಕಿನ ಕೈಪಿಡಿಯಿಂದಲೇ ತೆಗೆದುಕೊಳ್ಳತಕ್ಕದ್ದು.

ಗಾಳಿ ಮಾಡುವ ಕೆಲಸ

ಫೋರ್ಕಿನೊಳಗೆ ಸ್ಪ್ರಿಂಗ್ ಇದೆ, ಎಣ್ಣೆ ಇದೆ, ಎಣ್ಣೆಯ ಮೇಲೆ ಒಂದಿಷ್ಟು ಖಾಲಿ ಜಾಗವಿದೆ. ಮೇಲಿನ ಮುಚ್ಚಳದಲ್ಲಿ ಟಯರಿನದೇ ತರಹದ ವಾಲ್ವ್ ಇಟ್ಟು ಆ ಜಾಗಕ್ಕೆ ಗಾಳಿ ತುಂಬುತ್ತಾರೆ. ಕೆಲವು ಬೈಕುಗಳಲ್ಲಿ ಫೋರ್ಕಿನ ಎಡ ಬಲದ ಎರಡೂ ಕಾಲುಗಳನ್ನು ಒಂದು ಸಣ್ಣ ಹೋಸ್ ಜೋಡಿಸಿರುತ್ತದೆ, ವಾಲ್ವ್ ಒಂದೇ ಇರುತ್ತದೆ. 37 ಮಿ.ಮೀ. ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10.7 ಚದರ ಸೆಂ.ಮೀ. ಆದ್ದರಿಂದ ಚದರ ಸೆಂ.ಮೀ.ಗೆ 1 ಕೆ.ಜಿ., ಅಂದರೆ ಸುಮಾರು 14 ಪಿಎಸ್‌ಐ, ಒತ್ತಡ ತುಂಬಿದರೆ ಒಂದು ಕಾಲಿಗೆ 10.7 ಕೆ.ಜಿ.ಯಂತೆ ಎರಡಕ್ಕೂ ಸೇರಿ 21 ಕೆ.ಜಿ.ಗಿಂತ ತುಸು ಹೆಚ್ಚು ಬಲ ಸಿಗುತ್ತದೆ.

ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಫೋರ್ಕ್ ಒತ್ತಿಕೊಂಡಂತೆ ಗಾಳಿಯ ಜಾಗ ಕಿರಿದಾಗುತ್ತದೆ. ಆ ಜಾಗ ಅರ್ಧಕ್ಕಿಳಿದಾಗ ಒಟ್ಟು ಒತ್ತಡ ಎರಡರಷ್ಟಾಗುತ್ತದೆ. ಹೊರಗಿನ ವಾತಾವರಣದ ಒತ್ತಡವನ್ನೂ ಲೆಕ್ಕಕ್ಕೆ ಹಿಡಿದರೆ, ಗೇಜಿನಲ್ಲಿ 1 ತೋರಿಸುತ್ತಿದ್ದದ್ದು 3 ಆಗುತ್ತದೆ. ಗುಂಡಿಯಲ್ಲಿ ಚಕ್ರ ಬಿದ್ದ ಕ್ಷಣ ಸೀಲಿನ ರಬ್ಬರ್ ತುಟಿ ತಡೆದುಕೊಳ್ಳಬೇಕಾದದ್ದು ಇದನ್ನು.

ಈ ಲೆಕ್ಕ ನನಗೆ ಮೊದಲೇ ತಿಳಿದಿದ್ದರೆ ಒಂದು ಜೊತೆ ಸೀಲು ಉಳಿಯುತ್ತಿತ್ತು. ಒಮ್ಮೆ ದಾರಿಯಲ್ಲಿ ಸಿಕ್ಕಿದ ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ಹಾಕಿಸುತ್ತಾ ಫೋರ್ಕಿಗೂ ಸ್ವಲ್ಪ ಹಾಕಿಬಿಡಿ ಎಂದೆ. ಹುಡುಗ ಟಯರಿನ ಅಭ್ಯಾಸದಲ್ಲೇ 30 ಪಿಎಸ್‌ಐ ಹಾಕಿದ. ಫೋರ್ಕಿನ ಜಾಗ ಟಯರಿನ ಜಾಗಕ್ಕೆ ಹೋಲಿಸಿದರೆ ತೀರಾ ಚಿಕ್ಕದಾದ್ದರಿಂದ ಕಣ್ಣು ಮಿಟುಕಿಸುವುದರೊಳಗೆ ತುಂಬಿತ್ತು. ಮೊದಲನೆಯ ಹಂಪ್ ದಾಟುವಾಗ ‘ಚುಸ್’ ಎಂದಿತು. ಎಡಗಾಲಿನ ಸೀಲಿನ ತುಟಿ ಮಗುಚಿ ಎಣ್ಣೆ ಬ್ರೇಕ್ ಡಿಸ್ಕಿನ ಮೇಲೆಯೇ ಇಳಿಯಿತು. ಬ್ರೇಕ್ ಹಿಡಿಯದೆ ಹೋದಾಗಲೇ ಅದು ನನ್ನ ಗಮನಕ್ಕೆ ಬಂದದ್ದು. ತಪ್ಪು ಹುಡುಗನದಲ್ಲ, ಹೇಳಿದವನದು.

ಕೈಗೆ ಬೇಕಾದವು

ಮಾಮೂಲು ಸ್ಪ್ಯಾನರು, ಸಾಕೆಟ್ಟುಗಳ ಜೊತೆಗೆ ಉದ್ದನೆಯ ಎಲನ್ ಕೀ, ಸರ್‌ಕ್ಲಿಪ್ (ಸೀಲನ್ನು ಜಾಗದಲ್ಲಿ ಹಿಡಿದಿಡುವ ತಂತಿಯ ಬಳೆ) ತೆಗೆಯುವ ಪ್ಲೈಯರ್, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್, ವರ್ನಿಯರ್, ಮಿಲಿಲೀಟರ್ ಗುರುತಿರುವ ಅಳತೆಯ ಲೋಟ, ದೊಡ್ಡ ಸಿರಿಂಜ್, ಕಡಿಮೆ ಒತ್ತಡವನ್ನು ಸ್ಪಷ್ಟವಾಗಿ ತೋರಿಸುವ ಗೇಜ್ ಮತ್ತು ಸೈಕಲ್ಲಿನ ಕೈಪಂಪು ಇರಲಿ. ಹೊಸ ಆಯಿಲ್ ಸೀಲ್, ಅದರ ಮೇಲೆ ಕೂತು ಧೂಳು ತಡೆಯುವ ಡಸ್ಟ್ ಸೀಲ್, ಮುಚ್ಚಳದ ಓ-ರಿಂಗ್ (ರಬ್ಬರ್ ಬಳೆ), ತಳದ ಬೋಲ್ಟಿನ ತಾಮ್ರದ ವಾಶರ್ ಇವು ಬಿಚ್ಚುವ ಮೊದಲೇ ಕೈಯಲ್ಲಿರಬೇಕು. ಸೀಲಿನ ಮೇಲೆ 37×50×11 ಎಂಬಂತೆ ಮೂರು ಅಂಕೆಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಬೈಕಿನ ಹೆಸರು ಹೇಳಿದರೆ ತಲೆಯಾಡಿಸುವ ಅಂಗಡಿಯವರೂ ಈ ಅಂಕೆ ಹೇಳಿದರೆ ಡಬ್ಬ ತೆರೆದು ಹುಡುಕುತ್ತಾರೆ.

ಬೈಕಿನಿಂದ ಫೋರ್ಕನ್ನು ಇಳಿಸುವುದು

ಬೈಕನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಮುಂದಿನ ಚಕ್ರ ನೆಲದಿಂದ ಎರಡು ಬೆರಳು ಮೇಲೇಳುವಂತೆ ಮಾಡಬೇಕು. ಜಂಬಿಟ್ಟಿಗೆ ಕಲ್ಲು ಹಾಸಿದ ಅಂಗಳದಲ್ಲಿ ಜಾಕ್ ಜಾರುವುದುಂಟು, ಅಲ್ಲಿ ಈ ಕೆಲಸ ಬೇಡ. ಬೈಕ್ ಭದ್ರವಾದ ಮೇಲೆ ಎಲ್ಲಕ್ಕಿಂತ ಮೊದಲು ಗಾಳಿ ಬಿಡಬೇಕು. ವಾಲ್ವಿನ ಬಾಯಿಗೆ ಬಟ್ಟೆ ಹಿಡಿದು ನಡುವಿನ ಪಿನ್ನನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿದರೆ ಎಣ್ಣೆಯ ತುಂತುರು ಮುಖಕ್ಕೆ ಹಾರುವುದಿಲ್ಲ. ಗಾಳಿ ಉಳಿದಿರುವ ಫೋರ್ಕಿನ ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿದರೆ, ಸ್ಪ್ರಿಂಗಿನ ಒತ್ತಡದ ಜೊತೆ ಗಾಳಿಯ ಒತ್ತಡವೂ ಸೇರಿ ಅದು ಗುಂಡಿನಂತೆ ಸಿಡಿಯುತ್ತದೆ.

ಇನ್ನು ಬ್ರೇಕ್ ಕ್ಯಾಲಿಪರ್‌ಗಳನ್ನು ಬಿಚ್ಚಿ ತಂತಿಯಿಂದ ಫ್ರೇಮಿಗೆ ತೂಗುಹಾಕಿ. ಅವುಗಳ ಭಾರ ಹೋಸಿನ ಮೇಲೆ ಬೀಳಬಾರದು. ಯಾರಾದರೂ ಅರಿಯದೆ ಲಿವರ್ ಹಿಡಿದರೆ ಪಿಸ್ಟನ್ ಹೊರಗೆ ಬಾರದಂತೆ ಪ್ಯಾಡುಗಳ ನಡುವೆ ತೆಳು ಹಲಗೆಯ ಚೂರು ಸಿಕ್ಕಿಸಿಡಿ. ಸ್ಪೀಡೋಮೀಟರ್ ಕೇಬಲ್, ಆಕ್ಸಲ್, ಚಕ್ರ, ಮಡ್‌ಗಾರ್ಡ್ ಕ್ರಮವಾಗಿ ಹೊರಬರಲಿ. ಆಕ್ಸಲನ್ನು ಹಿಡಿದಿರುವ ಕ್ಲಾಂಪಿನ ಮೇಲೆ ಬಾಣದ ಗುರುತು ಅಥವಾ ಅಕ್ಷರವಿದ್ದರೆ ಅದು ಯಾವ ಕಡೆಗಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು.

ಈಗ ಎರಡು ಬಿಗಿಯಾದ ಕೊಂಡಿಗಳನ್ನು ಫೋರ್ಕ್ ಬೈಕಿನಲ್ಲಿರುವಾಗಲೇ ಸಡಿಲಿಸಿಕೊಳ್ಳಬೇಕು. ಮೊದಲನೆಯದು ಮೇಲಿನ ಮುಚ್ಚಳ. ಹ್ಯಾಂಡಲಿನ ಬಳಿಯ ಮೇಲಿನ ಕ್ಲಾಂಪಿನ ಬೋಲ್ಟನ್ನು ಮೊದಲು ಸಡಿಲಿಸಿ, ಆ ಬಳಿಕವೇ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಬೇಕು. ಕ್ಲಾಂಪ್ ಬಿಗಿಯಿದ್ದಾಗ ಅದು ಮುಚ್ಚಳದ ತ್ರೆಡ್ಡನ್ನೂ ಹಿಸುಕಿ ಹಿಡಿದಿರುತ್ತದೆ. ಎರಡನೆಯದು ಬಾಟಮಿನ, ಅಂದರೆ ಪೈಪ್ ಒಳಗೆ ಜಾರುವ ಕೆಳಗಿನ ಅಲ್ಯೂಮಿನಿಯಂ ಕೊಳವೆಯ, ತಳದಲ್ಲಿ, ಆಳದ ತೂತಿನೊಳಗೆ ಇರುವ ಎಲನ್ ಬೋಲ್ಟ್. ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುವುದು ಇದೇ. ಸ್ಪ್ರಿಂಗ್ ಇನ್ನೂ ರಾಡನ್ನು ಅದುಮಿ ಹಿಡಿದಿರುವಾಗ ಕಾಲು ಸುತ್ತು ಸಡಿಲಿಸಿಟ್ಟರೆ ಮುಂದೆ ಅರ್ಧ ದಿನದ ಪೀಕಲಾಟ ತಪ್ಪುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ಬೇಡ, ಎಣ್ಣೆ ಇಳಿಯತೊಡಗುತ್ತದೆ.

ಪೈಪಿನ ತುದಿ ಮೇಲಿನ ಕ್ಲಾಂಪಿನಿಂದ ಎಷ್ಟು ಮೇಲಿದೆ ಎಂಬುದನ್ನು ವರ್ನಿಯರಿನಿಂದ ಅಳೆದು ಬರೆದುಕೊಂಡು, ಕೆಳಗಿನ ಕ್ಲಾಂಪನ್ನೂ ಸಡಿಲಿಸಿ, ಪೈಪನ್ನು ಎಡಕ್ಕೂ ಬಲಕ್ಕೂ ತಿರುಚುತ್ತಾ ಕೆಳಗೆಳೆಯಿರಿ. ಹೋಸ್ ಜೋಡಣೆಯಿರುವ ಬೈಕುಗಳಲ್ಲಿ ಎರಡು ಕ್ಲಾಂಪುಗಳ ನಡುವೆ ಒಂದು ಬಳೆಯಂಥ ಕೊಂಡಿಯೂ ಅದರೊಳಗೆ ಎರಡು ಓ-ರಿಂಗ್‌ಗಳೂ ಇರುತ್ತವೆ. ತುಕ್ಕು ಹಿಡಿದ ಪೈಪನ್ನು ಒಮ್ಮೆಲೇ ಎಳೆದರೆ ಆ ರಿಂಗ್‌ಗಳು ಹರಿಯುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟಿರುವುದು ಒಳ್ಳೆಯದು.

ಬಿಡಿಸುವುದು

ಒಂದು ಕಾಲನ್ನು ಪೂರ್ತಿ ಮುಗಿಸಿ ಮತ್ತೊಂದಕ್ಕೆ ಕೈ ಹಾಕಿ. ಸಂಶಯ ಬಂದಾಗ ನೋಡಿಕೊಳ್ಳಲು ಬಿಚ್ಚದ ಕಾಲೊಂದು ಪಕ್ಕದಲ್ಲಿರುತ್ತದೆ.

ಮುಚ್ಚಳದ ಕೊನೆಯ ಎರಡು ಸುತ್ತು ತ್ರೆಡ್ ಇರುವಾಗ ಅಂಗೈಯಲ್ಲಿ ಬಟ್ಟೆ ಹಿಡಿದು ಬಲವಾಗಿ ಒತ್ತಿಕೊಂಡೇ ತಿರುಗಿಸಬೇಕು, ಮುಖ ಅದರ ನೇರಕ್ಕೆ ಇರಬಾರದು. ಸ್ಪ್ರಿಂಗನ್ನು ಎತ್ತುವಾಗ ಅದರ ಒತ್ತಾದ ಸುತ್ತುಗಳು ಮೇಲಿದ್ದವೋ ಕೆಳಗಿದ್ದವೋ ಬರೆದುಕೊಳ್ಳಿ. ಎಣ್ಣೆಯನ್ನು ಡಬ್ಬಕ್ಕೆ ಸುರಿದು, ಪೈಪನ್ನು ಹತ್ತಾರು ಬಾರಿ ಮೇಲೆ ಕೆಳಗೆ ಆಡಿಸಿ ಉಳಿದದ್ದನ್ನೂ ಇಳಿಸಬೇಕು. ನಮ್ಮ ಕಡೆಯ ಬೈಕುಗಳಲ್ಲಿ ಇದು ಹೆಚ್ಚಾಗಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಡಸ್ಟ್ ಸೀಲಿನ ಮೂಲಕ ಮಳೆನೀರು ಒಳಗಿಳಿದದ್ದರ ಗುರುತು ಅದು.

ತಳದ ಬೋಲ್ಟನ್ನು ಈಗ ಪೂರ್ತಿ ತಿರುಗಿಸಿ. ಬೋಲ್ಟಿನ ಜೊತೆ ಒಳಗಿನ ರಾಡೂ ಸುಮ್ಮನೆ ಗಿರಗಿರನೆ ತಿರುಗಿದರೆ, ಗಟ್ಟಿ ಮರದ ಉದ್ದನೆಯ ಕೋಲಿನ ತುದಿಯನ್ನು ಪೆನ್ಸಿಲಿನಂತೆ ಕೆತ್ತಿ, ಮೇಲಿನಿಂದ ರಾಡಿನ ಬಾಯಿಗೆ ಕೂರಿಸಿ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಟಯರ್ ಅಂಗಡಿಯ ಇಂಪ್ಯಾಕ್ಟ್ ಗನ್ನೇ ಗತಿ.

ಡಸ್ಟ್ ಸೀಲನ್ನು ಮೀಟಿ ತೆಗೆದಾಗ ಅದರ ಕೆಳಗೆ ಕಾಣುವ ಸರ್‌ಕ್ಲಿಪ್ ಕರಾವಳಿಯ ಬೈಕುಗಳಲ್ಲಿ ಒಂದೋ ತುಕ್ಕಿನ ಮುದ್ದೆಯಾಗಿರುತ್ತದೆ, ಇಲ್ಲವೇ ಕಚ್ಚಿಕೊಂಡಿರುತ್ತದೆ. ಇಲ್ಲಿ ಆತುರ ಪಡಬಾರದು. ಸ್ಕ್ರೂಡ್ರೈವರ್ ಜಾರಿ ಪೈಪಿನ ಮೇಲೆ ಎಳೆದ ಒಂದೇ ಒಂದು ಗೆರೆ ಹೊಸ ಸೀಲನ್ನು ವಾರದೊಳಗೆ ಕೊಯ್ದುಬಿಡುತ್ತದೆ. ಪೈಪಿಗೆ ಹಳೆಯ ಟ್ಯೂಬಿನ ತುಂಡನ್ನು ಸುತ್ತಿಕೊಂಡೇ ನಾನು ಈ ಕೆಲಸ ಮಾಡುತ್ತೇನೆ.

ಕ್ಲಿಪ್ ಹೊರಬಂದ ಮೇಲೆ ಆಯಿಲ್ ಸೀಲನ್ನು ತೆಗೆಯಲು, ಬುಷ್ (ಪೈಪ್ ಸಲೀಸಾಗಿ ಜಾರಲು ಇರುವ ಲೋಹದ ಬಳೆ) ಇರುವ ಫೋರ್ಕುಗಳಲ್ಲಿ ಮೀಟುವ ಅಗತ್ಯವೇ ಇಲ್ಲ. ಒಂದು ಕೈಯಲ್ಲಿ ಬಾಟಮನ್ನೂ ಇನ್ನೊಂದರಲ್ಲಿ ಪೈಪನ್ನೂ ಹಿಡಿದು, ಪೈಪನ್ನು ಒಳಗೆ ತಳ್ಳಿ ರಪ್ಪನೆ ಹೊರಗೆಳೆಯಬೇಕು. ಪೈಪಿನ ಕೆಳತುದಿಯ ಬುಷ್ ಬಾಟಮಿನ ಬುಷ್‌ಗೆ ಬಡಿದು, ಐದಾರು ಏಟಿಗೆ ಬುಷ್, ಅದರ ಮೇಲಿನ ಉಕ್ಕಿನ ರಿಂಗ್, ಸೀಲ್ ಮೂರೂ ಒಟ್ಟಿಗೆ ಹೊರಬರುತ್ತವೆ. ಅವು ಬಂದ ಕ್ರಮದಲ್ಲೇ ಬೈರಾಸಿನ (ಟವೆಲಿನ) ಮೇಲೆ ಸಾಲಾಗಿ ಜೋಡಿಸಿಡಿ. ಬಾಟಮಿನ ತಳದಲ್ಲಿ ಆಯಿಲ್ ಲಾಕ್ ಎಂಬ ಚಿಕ್ಕ ಟೋಪಿಯಂಥ ತುಂಡು ಅಂಟಿಕೊಂಡಿರಬಹುದು, ಬಗ್ಗಿಸಿ ತಟ್ಟಿದರೆ ಬೀಳುತ್ತದೆ. ಅದನ್ನು ಮರೆತು ಜೋಡಿಸಿದವರು ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಪೈಪನ್ನು ಪರೀಕ್ಷಿಸುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲಿದೆ. ಪಣಂಬೂರು, ಸುರತ್ಕಲ್, ಕಾಪು, ಮಲ್ಪೆ ಎಂದು ಕಡಲ ಬದಿಯಲ್ಲೇ ಓಡಾಡುವ ಬೈಕಿಗೆ ಉಪ್ಪುಗಾಳಿ ಸಾಲದೆಂಬಂತೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳ ಹಿಂದೆ ಹೋದಾಗ ಮಂಜುಗಡ್ಡೆ ಕರಗಿದ ಉಪ್ಪುನೀರು ನೇರವಾಗಿ ಫೋರ್ಕಿನ ಮೇಲೆ ಸಿಡಿಯುತ್ತದೆ. ಕ್ರೋಮ್ ಲೇಪದ ಕಣ್ಣಿಗೆ ಕಾಣದ ರಂಧ್ರಗಳಿಂದ ಅದು ಒಳಗಿಳಿದು ಕಬ್ಬಿಣವನ್ನು ತಿನ್ನುತ್ತದೆ, ಸಾಸಿವೆಗಿಂತ ಚಿಕ್ಕ ಗುಳಿಗಳು ಮೂಡುತ್ತವೆ.

ಸೀಮೆಎಣ್ಣೆಯಿಂದ, ನಮ್ಮಲ್ಲಿ ಹೇಳುವಂತೆ ಚಿಮಿಣಿ ಎಣ್ಣೆಯಿಂದ, ಪೈಪನ್ನು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಳಿಕ ಉಗುರಿನ ತುದಿಯನ್ನು ಉದ್ದಕ್ಕೂ ಎಳೆಯಿರಿ. ಉಗುರು ಎಲ್ಲಿಯಾದರೂ ತಡೆದರೆ ಆ ಜಾಗ ಸೀಲ್ ಓಡಾಡುವ ಭಾಗದಲ್ಲಿದೆಯೇ ಎಂಬುದೊಂದೇ ಪ್ರಶ್ನೆ. ಎರಡು ಕ್ಲಾಂಪುಗಳ ನಡುವಿನ ಗುಳಿಯಿಂದ ಸೀಲಿಗೆ ಅಪಾಯವಿಲ್ಲ. ಹೋಸಿನ ಬಳೆ ಕೂರುವ ಜಾಗವೊಂದು ಮಾತ್ರ ನುಣುಪಾಗಿರಲೇಬೇಕು. ಸೀಲಿನ ದಾರಿಯಲ್ಲಿ ಒಂದೆರಡು ಗುಳಿಗಳಿದ್ದರೆ ಅತಿ ನಯವಾದ ಎಮರಿ ಪೇಪರಿಗೆ ಎಣ್ಣೆ ಹಾಕಿ ಅವುಗಳ ಎದ್ದ ಅಂಚನ್ನಷ್ಟೇ ಸವರಬಹುದು. ಗುಳಿಗೆ ಗ್ಲೂ ತುಂಬಿ ತಿಕ್ಕುವ ಉಪಾಯವನ್ನು ಸಾಮಾನ್ಯ ಫೋರ್ಕಿನಲ್ಲಿ ಮಾಡಿ ಗೆದ್ದವರನ್ನು ಕಂಡಿದ್ದೇನೆ, ಗಾಳಿಯ ಫೋರ್ಕಿಗೆ ನಾನು ಅದನ್ನು ಒಪ್ಪುವುದಿಲ್ಲ. ಗುಳಿಗಳು ಹೆಚ್ಚಿದ್ದರೆ ಪೈಪ್ ಬದಲಿಸಬೇಕು, ಸಿಗದಿದ್ದರೆ ಹಳೆಯ ಕ್ರೋಮ್ ತೆಗೆಸಿ ಗಟ್ಟಿ ಕ್ರೋಮ್ ಹಾಕಿಸಿ ಮೂಲ ಅಳತೆಗೆ ಗ್ರೈಂಡ್ ಮಾಡಿಸಬೇಕು. ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲೋ ವಿಚಾರಿಸುವಾಗ ‘ಹೊಳಪಿನ ಕ್ರೋಮ್ ಅಲ್ಲ, ಗಟ್ಟಿ ಕ್ರೋಮ್’ ಎಂದು ಬಿಡಿಸಿ ಹೇಳಿ. ಕನ್ನಡಿಯಂತೆ ಹೊಳೆದು ಬಂದ ಪೈಪು ಮೂರು ತಿಂಗಳಲ್ಲಿ ಸಿಪ್ಪೆಯೇಳುವುದು ಈ ಗೊಂದಲದಿಂದಲೇ.

ಬಾಗು ನೋಡಲು ದಪ್ಪ ಗಾಜಿನ ಮೇಲೆ ಉರುಳಿಸಿದರೆ ದೊಡ್ಡ ಬಾಗು ತಿಳಿಯುತ್ತದೆ. ಸರಿಯಾದ ಪರೀಕ್ಷೆ ಬೇಕಾದರೆ ಲೇತ್‌ನವರಲ್ಲಿ ವಿ-ಬ್ಲಾಕ್ ಮೇಲೆ ಡಯಲ್ ಗೇಜ್ ಹಿಡಿಸಿ. ಹೆಚ್ಚಿನ ಕೈಪಿಡಿಗಳು ಒಪ್ಪುವ ಮಿತಿ 0.2 ಮಿ.ಮೀ. ಬುಷ್‌ಗಳ ಬೂದುಬಣ್ಣದ ಟೆಫ್ಲಾನ್ ಸವೆದು ಮುಕ್ಕಾಲು ಪಾಲಿಗಿಂತ ಹೆಚ್ಚು ತಾಮ್ರ ಕಂಡರೆ ಬದಲಿಸಬೇಕು. ಸ್ಪ್ರಿಂಗಿನ ಉದ್ದವನ್ನೂ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿ. ಕುಗ್ಗಿದ ಸ್ಪ್ರಿಂಗಿನ ಕೊರತೆಯನ್ನು ಗಾಳಿ ತುಂಬಿ ಸರಿದೂಗಿಸುವುದು ಈ ಬೈಕುಗಳಲ್ಲಿ ಎಲ್ಲರೂ ಮಾಡುವ ತಪ್ಪು, ಅದರ ದಂಡವನ್ನು ಸೀಲು ತೆರುತ್ತದೆ.

ಮರುಜೋಡಣೆ

ಬಾಟಮಿನ ಒಳಗನ್ನು, ಅದರಲ್ಲೂ ಸೀಲ್ ಕೂರುವ ಮೆಟ್ಟಿಲನ್ನು ಮತ್ತು ಕ್ಲಿಪ್ಪಿನ ಗಾಡಿಯನ್ನು (ಕ್ಲಿಪ್ ಕೂರಲು ಕೊರೆದ ಸಾಲನ್ನು), ತುಕ್ಕಿನ ಕಣವೂ ಉಳಿಯದಂತೆ ತೊಳೆದು ಒಣಗಿಸಿ. ರಾಡನ್ನು ಪೈಪಿನೊಳಗೆ ಇಳಿಸಿ, ಕೆಳತುದಿಗೆ ಆಯಿಲ್ ಲಾಕ್ ತೊಡಿಸಿ, ಬಾಟಮಿನೊಳಗೆ ಕೂರಿಸಿ. ತಳದ ಬೋಲ್ಟಿಗೆ ಹೊಸ ತಾಮ್ರದ ವಾಶರ್ ಹಾಕಿ, ತ್ರೆಡ್ಡಿಗೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಲಾಕ್ಟೈಟ್ ಅಂಟು ಹಚ್ಚಿ ಕೈಪಿಡಿ ಹೇಳಿದಷ್ಟೇ ಬಿಗಿಮಾಡಿ. ಆ ಕಾಲದ ಹಲವು ಬೈಕುಗಳಿಗೆ ಇದು 20 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ.

ಬುಷ್ ಮತ್ತು ರಿಂಗ್ ಕೂತ ಮೇಲೆ ಸೀಲಿನ ಸರದಿ. ಪೈಪಿನ ಮೇಲ್ತುದಿಯ ಅಂಚು ಚೂಪಾಗಿರುತ್ತದೆ. ಅದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿ, ಫೋರ್ಕ್ ಎಣ್ಣೆ ಸವರಿ, ಅಂಕೆ ಬರೆದ ಮುಖ ಮೇಲಕ್ಕಿರುವಂತೆ ಸೀಲನ್ನು ಜಾರಿಸಬೇಕು. ತೆಂಗಿನೆಣ್ಣೆ ಬೇಡ, ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಬಡಿಯುವುದಕ್ಕೆ ವಿಶೇಷ ಉಪಕರಣ ಇಲ್ಲದಿದ್ದರೆ ಪೈಪಿನ ಮೇಲೆ ಸಲೀಸಾಗಿ ಇಳಿಯುವ ದಪ್ಪ ಪಿವಿಸಿ ಪೈಪಿನ ತುಂಡು ಸಾಕು, ಅದರ ತುದಿ ನೇರವಾಗಿ ಕತ್ತರಿಸಿರಬೇಕು. ಸುತ್ತಲೂ ಸಮನಾಗಿ ತಟ್ಟುತ್ತಾ ಹೋದಂತೆ ‘ಟೊಕ್ ಟೊಕ್’ ಎನ್ನುತ್ತಿದ್ದ ಸದ್ದು ಒಮ್ಮೆಲೇ ಗಟ್ಟಿಯಾಗಿ ‘ಠಣ್’ ಎನ್ನುತ್ತದೆ, ಸೀಲು ತಳ ಮುಟ್ಟಿತು. ಕ್ಲಿಪ್ಪಿನ ಗಾಡಿ ಸುತ್ತಲೂ ಪೂರ್ತಿ ಕಂಡರೆ ಮಾತ್ರ ಕ್ಲಿಪ್ ಹಾಕಿ, ಅದು ಕೂತ ಮೇಲೆ ಬೆರಳಿನಿಂದ ತಿರುಗಿಸಿ ನೋಡಿ.

ಎಣ್ಣೆಯ ವಿಷಯದಲ್ಲಿ ಸಾಮಾನ್ಯ ಫೋರ್ಕಿಗಿಂತ ಹೆಚ್ಚಿನ ನಿಖರತೆ ಬೇಕು, ಏಕೆಂದರೆ ಎಣ್ಣೆ ಹೆಚ್ಚಿದಷ್ಟೂ ಗಾಳಿಯ ಜಾಗ ಕಡಿಮೆಯಾಗಿ ಒತ್ತಡ ಬೇಗ ಏರುತ್ತದೆ. 20 ಮಿ.ಲೀ. ಹೆಚ್ಚುಕಡಿಮೆಯಾದರೂ ಎರಡು ಕಾಲುಗಳ ವರ್ತನೆ ಬೇರೆಯಾಗುತ್ತದೆ. ಆ ಕಾಲದ ಹೋಂಡಾಗಳಿಗೆ ಆಟೋಮ್ಯಾಟಿಕ್ ಗೇರಿನ ಎಣ್ಣೆಯಾದ ಎಟಿಎಫ್ ಅನ್ನೇ ಸೂಚಿಸುತ್ತಿದ್ದರು. 10 ಡಬ್ಲ್ಯೂ ಫೋರ್ಕ್ ಎಣ್ಣೆಯಲ್ಲಿಯೂ ಅವು ಚೆನ್ನಾಗಿ ನಡೆಯುತ್ತವೆ. ಅಳೆದು ಸುರಿದು, ಪೈಪನ್ನು ಹತ್ತು ಬಾರಿ ನಿಧಾನವಾಗಿ ಆಡಿಸಿ, ಗುಳ್ಳೆಗಳು ಏಳಲು ಹತ್ತು ನಿಮಿಷ ಬಿಡಿ. ಕೈಪಿಡಿ ಮಟ್ಟವನ್ನೂ ಕೊಟ್ಟಿದ್ದರೆ, ಸ್ಪ್ರಿಂಗ್ ಇಲ್ಲದೆ ಫೋರ್ಕನ್ನು ಪೂರ್ತಿ ಒತ್ತಿ, ಮೇಲಂಚಿನಿಂದ ಎಣ್ಣೆಯವರೆಗೆ ಅಳೆದು, ಹೆಚ್ಚಾದದ್ದನ್ನು ಸಿರಿಂಜಿನಿಂದ ಎಳೆದು ಎರಡೂ ಕಾಲುಗಳನ್ನು ಸರಿಹೊಂದಿಸಿ. ಸ್ಪ್ರಿಂಗನ್ನು ಬರೆದುಕೊಂಡ ದಿಕ್ಕಿನಲ್ಲೇ ಇಳಿಸಿ, ಹೊಸ ಓ-ರಿಂಗ್ ತೊಡಿಸಿದ ಮುಚ್ಚಳವನ್ನು ಕೈಯಿಂದಲೇ ಮೊದಲ ತ್ರೆಡ್ಡಿಗೆ ಹಿಡಿಸಬೇಕು.

ಬೈಕಿಗೆ ಏರಿಸುವಾಗ ಬರೆದಿಟ್ಟ ಎತ್ತರಕ್ಕೆ ಪೈಪನ್ನು ತಂದು ಕೆಳಗಿನ ಕ್ಲಾಂಪ್, ಮುಚ್ಚಳ, ಮೇಲಿನ ಕ್ಲಾಂಪ್ ಎಂಬ ಕ್ರಮದಲ್ಲಿ ಬಿಗಿಗೊಳಿಸಿ. ಚಕ್ರ ಹಾಕಿದ ಮೇಲೆ ಆಕ್ಸಲ್ಲಿನ ನಟ್ ಬಿಗಿಯಾಗಲಿ, ಕ್ಲಾಂಪ್ ಮಾತ್ರ ಸಡಿಲವಿರಲಿ. ಕ್ಯಾಲಿಪರ್‌ಗಳನ್ನು ಕೂರಿಸಿ, ಲಿವರ್ ಗಟ್ಟಿಯಾಗುವವರೆಗೆ ಹಿಂಡಿ, ಬೈಕನ್ನು ಇಳಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಬಾರಿ ಒತ್ತಿದರೆ ಎರಡು ಕಾಲುಗಳೂ ತಮ್ಮ ಸಮಾನಾಂತರವನ್ನು ತಾವೇ ಹುಡುಕಿಕೊಳ್ಳುತ್ತವೆ. ಆಗ ಆ ಕ್ಲಾಂಪನ್ನು ಬಿಗಿಗೊಳಿಸಿ. ಡಿಸ್ಕಿನ ಮೇಲೆ ಎಣ್ಣೆ ಬಿದ್ದಿದ್ದರೆ ಡಿಸ್ಕನ್ನು ತೊಳೆಯಬಹುದು, ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆಯಲೇಬೇಕು.

ಗಾಳಿ

ಚಕ್ರವನ್ನು ಮತ್ತೆ ನೆಲದಿಂದ ಎತ್ತಿ, ಫೋರ್ಕ್ ತಣ್ಣಗಿರುವಾಗ, ಕೈಪಂಪಿನಿಂದ ತುಂಬಿ. ಎರಡು ವಾಲ್ವುಗಳಿದ್ದರೆ ಒತ್ತಡದ ವ್ಯತ್ಯಾಸ 0.1 ಕೆ.ಜಿ.ಗಿಂತ ಹೆಚ್ಚಿರಬಾರದು. ಗೇಜ್ ಹಚ್ಚಿ ತೆಗೆಯುವಾಗಲೇ ಒಂದಿಷ್ಟು ಗಾಳಿ ಹೊರಹೋಗುತ್ತದೆ, ಹಾಗಾಗಿ ಒಮ್ಮೆ ಅಳೆದಾಗ ಎಷ್ಟು ಇಳಿಯುತ್ತದೆಂದು ನೋಡಿಕೊಂಡು ಅಷ್ಟು ಹೆಚ್ಚಿಗೆ ತುಂಬಿ. ವೆಲ್ಡಿಂಗ್ ಅಂಗಡಿ ಪಕ್ಕದಲ್ಲಿದೆಯೆಂದು ಆಕ್ಸಿಜನ್ ಸಿಲಿಂಡರಿನ ಹತ್ತಿರ ಹೋಗಬಾರದು. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ. ಮುಚ್ಚಳ, ವಾಲ್ವ್, ಹೋಸಿನ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆಯಿರಿ.

ಕೈಪಿಡಿ ಕೊಟ್ಟ ಮಿತಿಯ ಕೆಳತುದಿಯಿಂದ ಆರಂಭಿಸಿ. ಒಂದು ಪೈಪಿಗೆ ತೆಳುವಾದ ಕೇಬಲ್ ಟೈ ಕಟ್ಟಿ ಡಸ್ಟ್ ಸೀಲಿಗೆ ತಾಗುವಂತೆ ಇಳಿಸಿ, ಮೂಡುಬಿದಿರೆ ಕಡೆಗೆ ಇಪ್ಪತ್ತು ಕಿ.ಮೀ. ಹೋಗಿ ಬನ್ನಿ, ತಿರುವು, ಹಂಪ್, ಗುಂಡಿ ಎಲ್ಲವೂ ಸಿಗುತ್ತವೆ. ಮರಳಿದ ಮೇಲೆ ಚಕ್ರ ಎತ್ತಿ, ಟೈ ಸೀಲಿನಿಂದ ಎಷ್ಟು ಮೇಲೇರಿದೆ ಎಂದು ಅಳೆಯಿರಿ. ಫೋರ್ಕಿನ ಒಟ್ಟು ಚಲನೆ 160 ಮಿ.ಮೀ. ಇದ್ದು ಟೈ 140ರ ಆಸುಪಾಸಿನಲ್ಲಿದ್ದರೆ ಕೈಹಚ್ಚದಿರಿ. 160ಕ್ಕೇ ತಲುಪಿದ್ದರೆ 0.1 ಕೆ.ಜಿ. ಹೆಚ್ಚಿಸಿ, 110ರಲ್ಲೇ ನಿಂತಿದ್ದರೆ ಅಷ್ಟೇ ಇಳಿಸಿ. ಅಂದಿನ ಒತ್ತಡ, ಟೈಯ ಅಳತೆ, ಹಾಕಿದ ಎಣ್ಣೆಯ ಮಿಲಿಲೀಟರು ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಅಡಿಯಲ್ಲಿಡಿ. ಮುಂದಿನ ಮಳೆಗಾಲ ಕಳೆದು ಅಳೆದಾಗ ಹೋಲಿಸಿ ನೋಡಲು ಬೇಕಾಗುತ್ತದೆ.